ತಟ್ಟೆಯಿಂದ ತೋಟಕ್ಕೆ: ಎಡೆದೊರೆ ನಾಡಿನಲ್ಲಿ ಸಸ್ಯರಸ, ಲೋಹದ ಕಣ ಮತ್ತು ದುಂಡಾಣು

ಲಿಂಗಸುಗೂರಿನ ರೈತ ದಾಳಿಂಬೆ ಗಿಡಕ್ಕೆ ಹೊಡೆಯುತ್ತಿದ್ದ ಔಷಧಿಯೂ ಕ್ಷಯರೋಗಿಗೆ ದವಾಖಾನೆಯಲ್ಲಿ ಚುಚ್ಚುತ್ತಿದ್ದ ಔಷಧಿಯೂ ಬಹುಕಾಲ ಒಂದೇ ಆಗಿತ್ತು. ಸ್ಟ್ರೆಪ್ಟೋಸೈಕ್ಲಿನ್ ಎಂಬ ಹೆಸರಿನಲ್ಲಿ ಗೊಬ್ಬರದಂಗಡಿಯಲ್ಲಿ ಸಿಗುತ್ತಿದ್ದ ಸಣ್ಣ ಪೊಟ್ಟಣದಲ್ಲಿ ಇದ್ದದ್ದು ನೂರಕ್ಕೆ 90 ಪಾಲು ಸ್ಟ್ರೆಪ್ಟೋಮೈಸಿನ್, 10 ಪಾಲು ಟೆಟ್ರಾಸೈಕ್ಲಿನ್. ಮನುಷ್ಯರಿಗೆ ಬೇಕಾದ ಔಷಧಿಯನ್ನು ಹೊಲಕ್ಕೆ ಸುರಿದರೆ ಅದರ ಶಕ್ತಿ ಕುಂದುತ್ತದೆ ಎಂಬ ಆತಂಕದಿಂದ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತು. 2024ರ ಜನವರಿಯಿಂದ ಬೆಳೆಗಳ ಮೇಲೆ ಇವೆರಡರ ಬಳಕೆ ಪೂರ್ತಿ ನಿಲ್ಲಬೇಕು ಎಂಬುದು ಅದರ ಸಾರ. ಆದೇಶ ಸರಿಯಾದದ್ದೇ. ಆದರೆ ಆ ಔಷಧಿಯ ಜಾಗಕ್ಕೆ ಏನು ಬರಬೇಕು ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷಗಳಿಂದ ನಮ್ಮ ಪ್ರಯೋಗಾಲಯಗಳಲ್ಲಿ ಒಂದು ಉತ್ತರ ಸಿದ್ಧವಾಗುತ್ತಲೇ ಇದೆ: ಗಿಡದ ಎಲೆಯ ಕಷಾಯದಿಂದ ತಯಾರಾದ ಬೆಳ್ಳಿ, ತಾಮ್ರ, ಸತುವಿನ ನ್ಯಾನೊ ಕಣಗಳು. ಉತ್ತರ ಸಿದ್ಧವಾಗುತ್ತಿದೆ, ತೋಟಕ್ಕೆ ಮಾತ್ರ ಬಂದಿಲ್ಲ. ಸೂಕ್ಷ್ಮಜೀವಿಯನ್ನು ಗಾಜಿನ ತಟ್ಟೆಯಲ್ಲಿ ಕೊಲ್ಲುವುದು ಯಾವ ಕಾಲದಲ್ಲೂ ದೊಡ್ಡ ಕಷ್ಟವಾಗಿರಲಿಲ್ಲ. ತಟ್ಟೆಯಿಂದ ತೋಟದವರೆಗಿನ ದಾರಿಯಲ್ಲಿಯೇ ಒಂದು ವಸ್ತು ಔಷಧಿಯಾಗುತ್ತದೆ ಅಥವಾ ಆಗದೆ ಉಳಿಯುತ್ತದೆ. ಕರ್ನಾಟಕದ ಒಂದು ಶತಮಾನದ ಇತಿಹಾಸ ಇದನ್ನೇ ಹೇಳುತ್ತದೆ ಎಂದು ನನ್ನ ವಾದ.

ಆ ಇತಿಹಾಸ ಶುರುವಾಗುವುದು ಬಯಲುಸೀಮೆಯಲ್ಲಲ್ಲ, ಮಲೆನಾಡಿನ ಅಡಿಕೆ ತೋಟದಲ್ಲಿ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಎದುರಿಸಿದ ಮೊದಲ ದೊಡ್ಡ ಸವಾಲು ಕೊಳೆರೋಗ. ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತು ಉದುರುತ್ತಿದ್ದವು. ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುವುದೇ ಬೆಳೆಗಾರರಿಗೆ ಗೊತ್ತಿದ್ದ ಉಪಾಯ. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಇಂಥ ರೋಗಾಣುಗಳನ್ನು ಕೊಲ್ಲುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಫ್ರಾನ್ಸಿನ ಮಿಲಾರ್ಡೆ 1885ರಲ್ಲೇ ದ್ರಾಕ್ಷಿ ತೋಟದಲ್ಲಿ ಅದನ್ನು ತೋರಿಸಿದ್ದರು. ಆದರೆ ಯುರೋಪಿನ ತುಂತುರಿಗೆ ನಿಂತ ದ್ರಾವಣ ಮಲೆನಾಡಿನ ಜಡಿಮಳೆಗೆ ನಿಲ್ಲಬೇಕಲ್ಲ. ಕೋಲ್ಮನ್ ರಾಳ ಮತ್ತು ಸೋಡಾ ಕುದಿಸಿದ ಅಂಟನ್ನು ಅದಕ್ಕೆ ಬೆರೆಸಿ, ಗೊನೆಗೆ ಹೊಡೆಸಿ, ತೋಟದಲ್ಲೇ ನಿಂತು ಪರೀಕ್ಷಿಸಿದರು. 1910ರಲ್ಲಿ ಕೊಳೆರೋಗದ ಬಗ್ಗೆ ಅವರ ವರದಿ ಹೊರಬಂತು. ರೋಗಕಾರಕವನ್ನು ಗುರುತಿಸಿ ಅದಕ್ಕೆ ಅಡಿಕೆಯ ಹೆಸರನ್ನೇ ಸೇರಿಸಿದವರೂ ಅವರೇ. ಇಂದಿಗೂ ಮಳೆಗಾಲಕ್ಕೆ ಮುಂಚೆ ಕೊನೆಗೌಡರು ಮರ ಹತ್ತಿ ಬೋರ್ಡೋ ಹೊಡೆಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಮೈಲುತುತ್ತದಲ್ಲಿನ ತಾಮ್ರವನ್ನಲ್ಲ, ರಾಳವನ್ನು. ಕೊಲ್ಲುವ ಗುಣ ತಾಮ್ರದ್ದು, ಅದನ್ನು ಔಷಧಿಯಾಗಿಸಿದ್ದು ಗಿಡದಿಂದ ಬಂದ ಒಂದು ಅಂಟು. ಲೋಹವೂ ಸಸ್ಯವಸ್ತುವೂ ಕೈಜೋಡಿಸಿದ ಈ ಪ್ರಸಂಗಕ್ಕೆ ಯಾರೂ ನ್ಯಾನೊ ಎಂದು ಹೆಸರಿಡಲಿಲ್ಲ, ಆದರೆ ಮುಂದೆ ಬರುವ ಕಥೆಯ ಅಳತೆಗೋಲು ಇದೇ.

ಸಸ್ಯದ ರಸಾಯನಶಾಸ್ತ್ರ ಬೇರೆ ಹಾದಿಯಲ್ಲಿ ನಡೆಯಿತು. ಬೇವು ಒಳ್ಳೆಯದು ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಬೇವಿನಲ್ಲಿ ಯಾವುದು ಒಳ್ಳೆಯದು ಎಂದು ಕೇಳಿ ಅದನ್ನು ಬೇರ್ಪಡಿಸಿದವರು ಸಲೀಮುಜ್ಜಮಾನ್ ಸಿದ್ದಿಕಿ. 1942ರಲ್ಲಿ ಅವರು ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಮೂರು ಕಹಿ ವಸ್ತುಗಳನ್ನು ತೆಗೆದರು. ಕೀಟಗಳು ಬೇವಿನೆಲೆ ತಿನ್ನದಂತೆ ತಡೆಯುವ ಅಜಾಡಿರಾಕ್ಟಿನ್ 1968ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಲೋಹದ ಕಡೆ ನೋಡಿದರೆ, ಫ್ಯಾರಡೆ 1857ರಲ್ಲಿ ಚಿನ್ನದ ಅತಿಸಣ್ಣ ಕಣಗಳು ನೀರಿಗೆ ಮಾಣಿಕ್ಯದ ಕೆಂಪು ಕೊಡುವುದನ್ನು ತೋರಿಸಿದರು, 1889ರಲ್ಲಿ ಕ್ಯಾರಿ ಲೀ ಬೆಳ್ಳಿಯ ಅಂಥದೇ ದ್ರಾವಣ ತಯಾರಿಸಿದರು, ಬಹಳ ಕಡಿಮೆ ಪ್ರಮಾಣದ ಲೋಹವೂ ಸೂಕ್ಷ್ಮಜೀವಿಗಳಿಗೆ ಮಾರಕ ಎಂಬ ನೇಗೆಲಿಯ ಬರಹ 1893ರಲ್ಲಿ ಪ್ರಕಟವಾಯಿತು. 1940ರ ದಶಕದಲ್ಲಿ ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್ ಬಂದದ್ದೇ ತಡ, ಎಲ್ಲವೂ ಪಕ್ಕಕ್ಕೆ ಸರಿದವು. ಅಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಕೈಯಲ್ಲಿರುವಾಗ ಬೆಳ್ಳಿ, ಬೇವು ಯಾರಿಗೆ ಬೇಕು?

ಇದೇ ಹೊತ್ತಿಗೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡಿನ ನೆಲವೇ ಬದಲಾಗುತ್ತಿತ್ತು. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟೆಯ ನೀರು 1953ರಲ್ಲಿ ಕಾಲುವೆಗೆ ಹರಿಯಿತು. ಎಡದಂಡೆ ಕಾಲುವೆಯನ್ನು ಯೋಜಿಸಿದವರು ಜೋಳ, ಹತ್ತಿ, ಕಡಲೆಗಳಿಗೆ ಮಿತವಾಗಿ ನೀರು ಕೊಡುವ ಲೆಕ್ಕ ಹಾಕಿದ್ದರು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆನಿಂತವರು ಭತ್ತ ಹಾಕಿದರು, ಊರಿನವರೂ ಹಾಕಿದರು, ಸಿಂಧನೂರು ಭತ್ತದ ಕಣಜವಾಯಿತು. ವರ್ಷಕ್ಕೆರಡು ಬೆಳೆ, ಎಲ್ಲೆಲ್ಲೂ ಒಂದೇ ತಳಿ, ಗದ್ದೆಯಿಂದ ಗದ್ದೆಗೆ ಹರಿಯುವ ನೀರು, ಹೆಚ್ಚು ಯೂರಿಯಾ: ದುಂಡಾಣು ಎಲೆ ಅಂಗಮಾರಿಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಜಾಂತೊಮೊನಾಸ್ ಎಂಬ ಈ ದುಂಡಾಣು ಎಲೆಯಂಚಿನ ನೀರಿನ ರಂಧ್ರಗಳಿಂದ ಒಳಹೊಕ್ಕು, ಅಂಚಿನುದ್ದಕ್ಕೂ ಅಲೆ ಅಲೆಯಾಗಿ ಹಳದಿ ಬಣ್ಣ ಎಳೆಯುತ್ತ ಕೆಳಗಿಳಿಯುತ್ತದೆ. ರೋಗ ಇದೇ ಹೌದೇ ಎಂದು ನೋಡಲು ಯಂತ್ರ ಬೇಡ. ಎಲೆಯ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಅಂಚಿನಿಂದ ಹಾಲಿನಂಥ ಎಳೆ ಇಳಿಯತೊಡಗುತ್ತದೆ. ಆ ಎಳೆಯ ತುಂಬ ದುಂಡಾಣುಗಳೇ. ಲಿಂಗಸುಗೂರು, ಮಸ್ಕಿಯ ಕಡೆ ಕಾಲುವೆ ನೀರು ಮುಟ್ಟದ ನೆಲದಲ್ಲಿ ಕೊಳವೆಬಾವಿ, ಹನಿ ನೀರಾವರಿ ನಂಬಿ ದಾಳಿಂಬೆ ಹಾಕಿದವರಿಗೆ ಇದೇ ಕುಲದ ಇನ್ನೊಂದು ದುಂಡಾಣು ಕಾದಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಉತ್ತರ ಕರ್ನಾಟಕದ ತೋಟಗಳನ್ನು ಹೊಕ್ಕಿತು. ಎಲೆಯ ಮೇಲೆ ಎಣ್ಣೆ ಸವರಿದಂಥ ಚುಕ್ಕೆ, ಅದು ಕಪ್ಪಾಗಿ ಹಣ್ಣಿಗೆ ಹಬ್ಬಿ, ಕೊನೆಗೆ ಸಿಪ್ಪೆ ಅಡ್ಡಾದಿಡ್ಡಿ ಬಿರಿದು ಕಾಳು ಕಾಣುತ್ತದೆ. ಬಿರಿದ ಹಣ್ಣನ್ನು ಮಾರುಕಟ್ಟೆಯಲ್ಲಿ ಮುಟ್ಟುವವರಿಲ್ಲ. ಸಾಲ ಮಾಡಿ ತೋಟ ಕಟ್ಟಿದವರು ಗಿಡ ಕಿತ್ತುಹಾಕಿದ್ದು ಇದೇ ರೋಗಕ್ಕೆ. ಎರಡು ಬೆಳೆಗೂ ಸಿಗುತ್ತಿದ್ದ ಸಲಹೆ ಒಂದೇ ಬಗೆಯದು: ತಾಮ್ರದ ಆಕ್ಸಿಕ್ಲೋರೈಡ್ ಜೊತೆ ಸ್ಟ್ರೆಪ್ಟೋಸೈಕ್ಲಿನ್ ಬೆರೆಸಿ ಎಣ್ಣೆ ಹೊಡೆಯುವುದು.

ನ್ಯಾನೊ ಅಲೆ ಎದ್ದದ್ದು ಆಗಲೇ. ಕೇಂದ್ರ ಸರ್ಕಾರ 2001ರಲ್ಲಿ ಚಿಕ್ಕ ಕಾರ್ಯಕ್ರಮವಾಗಿ ಶುರುಮಾಡಿದ್ದನ್ನು 2007ರಲ್ಲಿ 1000 ಕೋಟಿ ರೂಪಾಯಿಯ ನ್ಯಾನೊ ಮಿಷನ್ನಾಗಿ ಬೆಳೆಸಿತು. ಅದರ ಹಿಂದೆ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಒತ್ತಾಸೆ ಇತ್ತು. ಆದರೆ ಜಿಲ್ಲೆಯ ಕಾಲೇಜುಗಳವರೆಗೆ ಈ ವಿಜ್ಞಾನವನ್ನು ತಂದದ್ದು ದೊಡ್ಡ ಅನುದಾನವಲ್ಲ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಒಂದು ಸರಳ ವಿಧಾನ. ಅಲ್ಲಿನ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು ಮೊದಲು ಒಂದು ಶಿಲೀಂಧ್ರದಿಂದ, ಆಮೇಲೆ 2004ರಲ್ಲಿ ಬೇವಿನೆಲೆಯ ಕಷಾಯದಿಂದ ಬೆಳ್ಳಿ ಮತ್ತು ಚಿನ್ನದ ನ್ಯಾನೊ ಕಣಗಳನ್ನು ತಯಾರಿಸಿ ತೋರಿಸಿದರು. ಎಲೆ ತೊಳೆದು, ಹೆಚ್ಚಿ, ನೀರಿನಲ್ಲಿ ಕುದಿಸಿ, ಸೋಸಿ, ಆ ತಿಳಿಯನ್ನು ಬೆಳ್ಳಿಯ ನೈಟ್ರೇಟ್ ದ್ರಾವಣಕ್ಕೆ ಹಾಕುತ್ತಾರೆ. ಮೊದಲು ತೆಳು ಹಳದಿ ಇದ್ದದ್ದು ನೋಡನೋಡುತ್ತ ಚಹಾದ ಬಣ್ಣಕ್ಕೆ ತಿರುಗುತ್ತದೆ. ಎಲೆಯ ಪಾಲಿಫೀನಾಲ್, ಫ್ಲೇವನಾಯ್ಡ್, ಟರ್ಪಿನಾಯ್ಡ್, ಸಕ್ಕರೆಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹವಾಗಿಸುತ್ತವೆ; ಅವುಗಳಲ್ಲೇ ಕೆಲವು ಕಣದ ಸುತ್ತ ಕವಚದಂತೆ ಕೂತು ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಸುಮಾರು 420 ನ್ಯಾನೊಮೀಟರ್ ಬೆಳಕನ್ನು ದ್ರಾವಣ ಹೀರಿತು ಎಂದರೆ ಬೆಳ್ಳಿಯ ಕಣ ಹುಟ್ಟಿತು ಎಂದರ್ಥ. ಬಿಸಿ ಒಲೆ, ಸೋಸುವ ಕಾಗದ, ಒಂದು ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಪದವಿ ಕಾಲೇಜಿನಲ್ಲೂ ಆಗುವ ಕೆಲಸ. ಕಲಬುರಗಿ, ಧಾರವಾಡ, ಮೈಸೂರು, ತುಮಕೂರುಗಳಲ್ಲಿ ಒಂದರ ಹಿಂದೊಂದು ಪ್ರಬಂಧ ಬಂದವು. ಬೇವು, ಎಕ್ಕೆ, ತುಂಬೆ, ಲಕ್ಕಿ, ಲೋಳೆಸರ, ನಮ್ಮ ಹಿತ್ತಲಿನ, ಬೇಲಿಯ ಯಾವ ಗಿಡವೂ ತಪ್ಪಿಸಿಕೊಳ್ಳಲಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ನ್ಯಾನೊ ತಂತ್ರಜ್ಞಾನಕ್ಕೆಂದೇ ಒಂದು ಕೇಂದ್ರ ತೆರೆದು ಸತುವಿನ ಆಕ್ಸೈಡಿನಂಥ ಕಣಗಳ ಮೇಲೆ ಕೆಲಸ ಮಾಡುತ್ತಿದೆ.

ಈ ಪ್ರಬಂಧಗಳ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಚಿತ್ರ ಇರುತ್ತದೆ. ಅಗರ್ ತುಂಬಿದ ಗಾಜಿನ ತಟ್ಟೆ, ಅದರ ಮೇಲೆ ಮಂಜಿನಂತೆ ಬೆಳೆದ ದುಂಡಾಣು, ನಡುನಡುವೆ ಕೊರೆದ ಸಣ್ಣ ಗುಳಿಗಳು, ಗುಳಿಯ ಸುತ್ತ ಏನೂ ಬೆಳೆಯದ ತಿಳಿಯಾದ ಉಂಗುರ. ಉಂಗುರ ಎಷ್ಟು ಮಿಲಿಮೀಟರ್ ಅಗಲ ಎಂದು ಅಳೆದು ಕೋಷ್ಟಕ ಮಾಡುತ್ತಾರೆ. ಇಲ್ಲಿಯೇ ನನ್ನ ತಕರಾರು. ತಟ್ಟೆಯ ಈ ಪರೀಕ್ಷೆಗೆ 1966ರಲ್ಲಿ ಬಾವರ್, ಕಿರ್ಬಿ ಮತ್ತು ಅವರ ಸಹೋದ್ಯೋಗಿಗಳು ಖಚಿತ ರೂಪ ಕೊಟ್ಟದ್ದು ಆಗಲೇ ಗೊತ್ತಿದ್ದ ಔಷಧಿಗಳಿಗೆ. ಇಂತಿಷ್ಟು ಅಗಲದ ಉಂಗುರ ಬಂದರೆ ರೋಗಿಯ ರಕ್ತದಲ್ಲಿ ಸಿಗುವ ಪ್ರಮಾಣಕ್ಕೆ ಈ ಜೀವಿ ಸಾಯುತ್ತದೆ ಎಂಬ ಹೋಲಿಕೆ ಅದರ ಆಧಾರ. ನ್ಯಾನೊ ಕಣಕ್ಕೆ ಅಂಥ ಹೋಲಿಕೆ ಇಲ್ಲ. ಕಣ ಅಗರಿನಲ್ಲಿ ಸಲೀಸಾಗಿ ಹರಡುವುದಿಲ್ಲ, ಅದರಿಂದ ಬಿಟ್ಟುಬಂದ ಬೆಳ್ಳಿಯ ಅಯಾನು ಹರಡುತ್ತದೆ. ಕಷಾಯದಲ್ಲಿ ಲೋಹವಾಗದೆ ಉಳಿದ ಬೆಳ್ಳಿಯ ನೈಟ್ರೇಟ್ ಇದ್ದರೂ ಅದೇ ಉಂಗುರ ಬರುತ್ತದೆ. ಆದ್ದರಿಂದ ಕಣ ಮಾತ್ರ, ನೈಟ್ರೇಟ್ ಮಾತ್ರ, ಕಷಾಯ ಮಾತ್ರ ಎಂದು ಮೂರನ್ನೂ ಪಕ್ಕಪಕ್ಕ ಇಡದ ಪ್ರಯೋಗ ಏನನ್ನೂ ಸಾಬೀತು ಮಾಡುವುದಿಲ್ಲ. ಬೆಳವಣಿಗೆ ತಡೆಯಲು ಲೀಟರಿಗೆ ಕನಿಷ್ಠ ಎಷ್ಟು ಮಿಲಿಗ್ರಾಂ ಬೇಕು ಎಂಬ ಅಂಕಿ ಇಲ್ಲದಿದ್ದರೆ ರೈತನಿಗೆ ಒಂದು ಬಿಂದಿಗೆಗೆ ಎಷ್ಟು ಹಾಕಬೇಕೆಂದು ಹೇಳುವ ದಾರಿಯೇ ಇಲ್ಲ.

ಹಾಗಾದರೆ ಸಸ್ಯದ ಪಾತ್ರ ಬರೀ ಹೆಸರಿಗೆ ಮಾತ್ರವೇ, ಬೆಳ್ಳಿಯ ಕೆಲಸಕ್ಕೆ ಹಸಿರು ಬಣ್ಣ ಬಳಿದದ್ದೇ ಎಂದು ಯಾರಾದರೂ ಕೇಳಬಹುದು. ಬಹಳ ಪ್ರಬಂಧಗಳ ಮಟ್ಟಿಗೆ ಹೌದು. ಆದರೆ 2018ರಲ್ಲಿ ಚೆಕ್ ಗಣರಾಜ್ಯದ ಪನಾಚೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಸಂಶೋಧನೆ ಬೇರೆಯದನ್ನೇ ಹೇಳಿತು. ನ್ಯಾನೊ ಬೆಳ್ಳಿಗೆ ದುಂಡಾಣು ಒಗ್ಗುವುದಿಲ್ಲ ಎಂಬ ನಂಬಿಕೆ ಆವರೆಗೆ ಸಾಮಾನ್ಯವಾಗಿತ್ತು. ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ 1975ರಲ್ಲೇ ಅಮೆರಿಕದ ಸುಟ್ಟಗಾಯದ ವಾರ್ಡಿನಲ್ಲಿ ಕಂಡಿದ್ದರೂ ಕಣದ ವಿಷಯ ಬೇರೆ ಎಂದುಕೊಂಡಿದ್ದರು. ಪನಾಚೆಕ್ ತಂಡ ತೋರಿಸಿದ್ದೇನೆಂದರೆ, ಮತ್ತೆ ಮತ್ತೆ ಬೆಳ್ಳಿಯ ಕಣಕ್ಕೆ ಒಡ್ಡಿದ ಇ. ಕೋಲಿ ತನ್ನ ಬಾಲದ ಪ್ರೋಟೀನಾದ ಫ್ಲಾಜೆಲಿನ್ನನ್ನು ಹೊರಬಿಟ್ಟು ಕಣಗಳನ್ನು ಒಟ್ಟುಗೂಡಿಸಿ ಗಂಟುಕಟ್ಟಿಸುತ್ತದೆ. ಗಂಟುಕಟ್ಟಿದ ಕಣ ನಿರುಪದ್ರವಿ. ಕಣಕ್ಕೆ ಬೇರೆ ಕವಚ ಹಾಕಿದರೂ ಈ ತಂತ್ರ ಮುರಿಯಲಿಲ್ಲ. ಮುರಿದದ್ದು ದಾಳಿಂಬೆ ಸಿಪ್ಪೆಯ ರಸ. ಅದು ಫ್ಲಾಜೆಲಿನ್ ತಯಾರಿಕೆಯನ್ನೇ ತಡೆದು ಕಣಕ್ಕೆ ಮತ್ತೆ ಬಲ ಕೊಟ್ಟಿತು. ಲಿಂಗಸುಗೂರಿನ ತೋಟಗಳಲ್ಲಿ ರೋಗಕ್ಕೆ ಬಿರಿದು ತಿಪ್ಪೆಗೆ ಹೋಗುವ ಹಣ್ಣಿನ ಸಿಪ್ಪೆಯಲ್ಲಿ ಇರುವುದೂ ಅದೇ ರಸ. ರೋಗದ ಹಣ್ಣನ್ನೇ ತರಬೇಕೆಂದು ನಾನು ಹೇಳುತ್ತಿಲ್ಲ. ಕೋಲ್ಮನ್‌ಗೆ ರಾಳ ಒದಗಿದಂತೆ ಇಲ್ಲಿ ಸಸ್ಯವಸ್ತು ಲೋಹ ಒಂಟಿಯಾಗಿ ಮಾಡಲಾಗದ ಕೆಲಸ ಮಾಡಿತು ಎಂಬುದಷ್ಟೇ ಮುಖ್ಯ. ಸಂಶೋಧಕ ಹುಡುಕಬೇಕಾದದ್ದು ಬೆಳ್ಳಿಯನ್ನು ಲೋಹವಾಗಿಸುವ ಇನ್ನೊಂದು ಎಲೆಯನ್ನಲ್ಲ, ಅದನ್ನು ಎಲ್ಲ ಎಲೆಯೂ ಮಾಡುತ್ತದೆ. ಕಣದ ಜೊತೆಗೆ ನಿಂತು ದುಂಡಾಣುವಿನ ಉಪಾಯವನ್ನು ಮುರಿಯುವ ಎಲೆಯನ್ನು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ಅಭಿಮಾನದ್ದು. ಭಸ್ಮ ಮಾಡಿದವರು ನಮ್ಮವರು, ಚಿನ್ನ ಅಗೆದವರು ನಮ್ಮವರು, ಇದೆಲ್ಲ ನಮಗೆ ಹಳೆಯದು ಎಂಬ ಮಾತು. ಹೆಮ್ಮೆಗೆ ಕಾರಣ ನಿಜಕ್ಕೂ ಇದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಪ್ರಾಚೀನರು 600 ಅಡಿಗೂ ಆಳಕ್ಕೆ ಇಳಿದು ಚಿನ್ನ ತೆಗೆದ ಗುರುತುಗಳಿವೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನವನ್ನು ಕಂಡ ಬೀಡನ್ ಕೂಡ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರೇ. ಅದೇ ಅರಸ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇರುವ ತನ್ನ ಎರಡನೆಯ ಬಂಡೆ ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಬೇಕಾದ ಔಷಧಿ ಗಿಡಗಳನ್ನು ಇಲ್ಲದ ಕಡೆ ತರಿಸಿ ನೆಡಿಸಿದೆ ಎಂದು ತಿಳಿಸುತ್ತಾನೆ. ಈ ನೆಲದಲ್ಲಿ ಲೋಹವೂ ಮೂಲಿಕೆಯೂ ಹಳೆಯ ವಿದ್ಯೆ ಎಂಬುದಕ್ಕೆ ಇವು ಸಾಕ್ಷಿ. ಒಂದು ನಿರ್ದಿಷ್ಟ ಕಣ ಒಂದು ನಿರ್ದಿಷ್ಟ ರೋಗವನ್ನು ತಡೆಯುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಅಶೋಕನ ಶಾಸನವನ್ನೇ ಗಂಭೀರವಾಗಿ ತೆಗೆದುಕೊಂಡರೂ ಅವನು ಕೊಚ್ಚಿಕೊಂಡದ್ದು ಗಿಡದ ಗುಣವನ್ನಲ್ಲ, ಗಿಡ ಬೇಕಾದವರಿಗೆ ಸಿಗುವಂತೆ ಮಾಡಿದ್ದನ್ನು.

ಎರಡನೆಯದು ಹೆಚ್ಚು ತೂಕದ್ದು: ಔಷಧಿ ಯಾಕೆ, ರೋಗ ತಡೆಯುವ ತಳಿ ಸಾಲದೆ? ಭತ್ತದ ಮಟ್ಟಿಗೆ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಡದಂಡೆ ಕಾಲುವೆಯ ಗದ್ದೆಗಳ ಅಚ್ಚುಮೆಚ್ಚಿನ ಬಿಪಿಟಿ 5204 ತಳಿಗೇ ರೋಗ ತಡೆಯುವ ಮೂರು ವಂಶವಾಹಿಗಳನ್ನು ಸೇರಿಸಿ ಹೈದರಾಬಾದಿನ ವಿಜ್ಞಾನಿಗಳು 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಬಿಡುಗಡೆ ಮಾಡಿದ್ದಾರೆ. ಬಿತ್ತನೆ ಬೀಜ ಬದಲಾಯಿಸಿ ಮುಗಿಸಬಹುದಾದ ಕೆಲಸಕ್ಕೆ ಗದ್ದೆಗೆಲ್ಲ ಬೆಳ್ಳಿ ಚಿಮುಕಿಸುವುದು ವಿವೇಕವಲ್ಲ. ದಾಳಿಂಬೆಯ ವಿಷಯ ಹಾಗಲ್ಲ. ಗೂಟಿ ಕಟ್ಟಿ ಬೆಳೆಸಿದ ಭಗವಾ ತಳಿಯ ಗಿಡ ಹತ್ತು ಹದಿನೈದು ವರ್ಷ ಅಲ್ಲೇ ನಿಲ್ಲಬೇಕು, ರೋಗ ಗೂಟಿಯ ಜೊತೆಗೇ ಬರುತ್ತದೆ, ಮಾರುಕಟ್ಟೆ ಒಪ್ಪುವ ರೋಗನಿರೋಧಕ ತಳಿ ರೈತನ ಕೈಗೆ ಬಂದಿಲ್ಲ. ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಲ್ಲಿ ಶುರುವಾದಾಗಿನಿಂದ ಸವರುವಿಕೆ, ಸ್ವಚ್ಛತೆ, ಬಹಾರ್ (ಹೂ ಬಿಡಿಸುವ ಹಂಗಾಮು) ಬದಲಾವಣೆಗೆ ಒತ್ತು ಕೊಡುತ್ತ ಬಂದಿದೆ. ಅವೆಲ್ಲ ಆದ ಮೇಲೂ ಮಳೆಗಾಲದ ಬೆಳೆಗೆ ಒಂದು ಸಿಂಪಡಣೆ ಬೇಕೇ ಬೇಕು. ಆದ್ದರಿಂದ ಈ ವಿಜ್ಞಾನದ ಪರೀಕ್ಷೆ ನಡೆಯಬೇಕಾದ ಜಾಗ ಸಿಂಧನೂರಿನ ಗದ್ದೆಯಲ್ಲ, ಲಿಂಗಸುಗೂರು ಮಸ್ಕಿಯ ತೋಟ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಮಂಡಲ್ ಮತ್ತು ಮಾನಿ 2012ರಲ್ಲೇ ದಾಳಿಂಬೆಯ ಈ ದುಂಡಾಣುವನ್ನು ಹತ್ತು ಲಕ್ಷಕ್ಕೆ 0.2 ಪಾಲು ನ್ಯಾನೊ ತಾಮ್ರ ತಡೆಯುತ್ತದೆ ಎಂದು ವರದಿ ಮಾಡಿದ್ದರು. ಶಿಫಾರಸಿನಲ್ಲಿರುವ ತಾಮ್ರದ ಆಕ್ಸಿಕ್ಲೋರೈಡಿಗಿಂತ ಹತ್ತು ಸಾವಿರ ಪಟ್ಟು ಕಡಿಮೆ. ಅಂಥ ಅಂಕಿ ಕೈಯಲ್ಲಿದ್ದೂ ತೋಟದ ರೈತ ಮೊನ್ನೆಯವರೆಗೆ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣವನ್ನೇ ಒಡೆಯುತ್ತಿದ್ದ.

ಬೆಳ್ಳಿ ಮಣ್ಣಿಗೆ ಬಿದ್ದರೆ ಗತಿಯೇನು ಎಂಬುದು ಮೂರನೆಯ ಆಕ್ಷೇಪಣೆ, ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಬಳಸುವ 1 ಮಿಲಿಮೋಲಾರ್ ದ್ರಾವಣದಲ್ಲಿ ಲೀಟರಿಗೆ 108 ಮಿಲಿಗ್ರಾಂ ಬೆಳ್ಳಿ ಇರುತ್ತದೆ. ಅದನ್ನು ಹಾಗೆಯೇ ಹೆಕ್ಟೇರಿಗೆ 1000 ಲೀಟರ್ ಹೊಡೆದರೆ 108 ಗ್ರಾಂ. ಒಂದು ಬೆಳೆಗೆ ಹತ್ತು ಸಲ ಎಂದರೆ ಕಿಲೋ ದಾಟುತ್ತದೆ. ಬೆಳ್ಳಿ ಗಿಡಕ್ಕೆ ಬೇಕಾದ ಪೋಷಕಾಂಶವಲ್ಲ, ಮಣ್ಣಿನ ಒಳ್ಳೆಯ ಜೀವಿಗಳನ್ನೂ ಅದು ಬಿಡದೆ ಕೊಲ್ಲುತ್ತದೆ. ನಿಂತ ನೀರಿನ ಗದ್ದೆಯಲ್ಲಿ ಗಂಧಕದ ಜೊತೆ ಸೇರಿ ಸಲ್ಫೈಡಾಗಿ ಸೌಮ್ಯವಾಗುತ್ತದೆ ಎಂಬುದು ನಿಜವಾದರೂ ಗಾಳಿಯಾಡುವ ತೋಟದ ನೆಲದಲ್ಲಿ ಆ ಭರವಸೆ ಕಡಿಮೆ. ನನ್ನ ಒಲವು ಹಾಗಾಗಿ ಸತು ಮತ್ತು ತಾಮ್ರದ ಕಡೆಗೆ. ಸತುವಿನ ಕೊರತೆ ನಮ್ಮ ಕಪ್ಪು ನೆಲದ ಹಳೆಯ ಕಾಯಿಲೆ. ಅದರ ಕಣ ರೋಗಕ್ಕೆ ಅರ್ಧ ಕೆಲಸ ಮಾಡಿದರೂ ಉಳಿದದ್ದು ಗಿಡದ ಹೊಟ್ಟೆಗೆ ಹೋಗುತ್ತದೆ. ತಾಮ್ರವೂ ಮಿತಿ ಮೀರಿದರೆ ಮಣ್ಣಿನಲ್ಲಿ ಕೂಡಿಬೀಳುತ್ತದೆ, ಆದರೆ ಈಗ ಸುರಿಯುತ್ತಿರುವ ಪ್ರಮಾಣವನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದರೂ ಅದೇ ಲಾಭ. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಕೃಷಿಯ ನ್ಯಾನೊ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕೆಂದು ಮಾರ್ಗಸೂಚಿ ಹೊರಡಿಸಿದೆ. ಸುರಕ್ಷತೆಯ ಪ್ರಶ್ನೆಗಳನ್ನು ಅದು ಕೇಳುತ್ತದೆ. ಬರೀ ಉಂಗುರದ ಚಿತ್ರ ಇಟ್ಟುಕೊಂಡು ಅವಕ್ಕೆ ಉತ್ತರಿಸಲು ಆಗುವುದಿಲ್ಲ.

ಕೊನೆಯ ಆಕ್ಷೇಪಣೆ ದೊಡ್ಡ ಸಂಸ್ಥೆಗಳವರದು: ಜಿಲ್ಲೆ ತಾಲೂಕಿನ ಕಾಲೇಜುಗಳು ಒಂದೇ ಪ್ರಬಂಧವನ್ನು ಗಿಡ ಬದಲಾಯಿಸಿ ಬರೆಯುತ್ತಿವೆ, ಅವರಿಂದ ಇದು ಆಗದು. ಪುನರಾವರ್ತನೆಯ ದೂರು ನಿಜ, ತೀರ್ಮಾನ ತಪ್ಪು. ಎಲೆ ಕುದಿಸಿ ಕಣ ಮಾಡುವುದನ್ನು ಕಲಿತ ವಿದ್ಯಾರ್ಥಿಗಳು, ರೋಹಿತ ಓದಲು ಬಲ್ಲ ಅಧ್ಯಾಪಕರು ಈ ಅಲೆಯಿಂದ ಈ ಭಾಗಕ್ಕೆ ಸಿಕ್ಕಿದ್ದಾರೆ; ಅದು ಸಣ್ಣ ಗಳಿಕೆಯಲ್ಲ. ಬದಲಾಗಬೇಕಾದದ್ದು ತಟ್ಟೆಯ ಮೇಲೆ ಬೆಳೆಸುವ ಜೀವಿ. ಈಗ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹದಿಂದ ಇ. ಕೋಲಿ, ಸ್ಟೆಫಿಲೋಕಾಕಸ್ ತರಿಸಿ ಪರೀಕ್ಷಿಸುವುದು ರೂಢಿ. ಇವು ಸಂಗ್ರಹದಲ್ಲಿ ವರ್ಷಗಟ್ಟಲೆ ಸಾಕಿದ ತಳಿಗಳು. ಆಸ್ಪತ್ರೆಯ ಹಠಮಾರಿ ತಳಿಗಳ ಬಗ್ಗೆಯಾಗಲಿ ತೋಟದ ರೋಗದ ಬಗ್ಗೆಯಾಗಲಿ ಅವು ಹೇಳುವುದು ಅಷ್ಟಕ್ಕಷ್ಟೆ. ಜಾಂತೊಮೊನಾಸ್ ಮನುಷ್ಯನಿಗೆ ರೋಗ ತರುವುದಿಲ್ಲ, ಪದವಿ ತರಗತಿಯ ಪ್ರಯೋಗಾಲಯದಲ್ಲೂ ಅದನ್ನು ಸುರಕ್ಷಿತವಾಗಿ ಬೆಳೆಸಬಹುದು. ಚುಕ್ಕೆಬಿದ್ದ ಎಲೆಯನ್ನು ತೊಳೆದು, ಚುಕ್ಕೆಯ ಅಂಚನ್ನು ಜಜ್ಜಿ ಅಗರಿನ ಮೇಲೆ ಎಳೆದರೆ ಮೂರು ನಾಲ್ಕು ದಿನಗಳಲ್ಲಿ ಹಳದಿಯ, ಲೋಳೆಯಾದ, ಹೊಳೆಯುವ ಬೊಟ್ಟುಗಳು ಏಳುತ್ತವೆ. ಹತ್ತಾರು ತೋಟಗಳಿಂದ ಹೀಗೆ ತೆಗೆದ ತಳಿಗಳಲ್ಲಿ ಎಷ್ಟು ಸ್ಟ್ರೆಪ್ಟೋಮೈಸಿನ್‌ಗೆ ಆಗಲೇ ಜಗ್ಗದಂತಾಗಿವೆ, ಎಷ್ಟು ತಾಮ್ರಕ್ಕೆ ಒಗ್ಗಿವೆ ಎಂದು ತಿಳಿಯುವುದು ಮೊದಲ ಕೆಲಸ. ಬೇರೆಡೆ ಹೀಗಾಗಿದೆ: ಕ್ಯಾಲಿಫೋರ್ನಿಯಾದ ಮರಸೇಬು (ಪೇರ್) ತೋಟಗಳಲ್ಲಿ ಸ್ಟ್ರೆಪ್ಟೋಮೈಸಿನ್ 1971ರಲ್ಲೇ ಸೋತಿತ್ತು, ಫ್ಲಾರಿಡಾದ ಜಾಂತೊಮೊನಾಸ್ ತಾಮ್ರವನ್ನು ತಡೆದುಕೊಂಡದ್ದು 1980ರ ದಶಕದಲ್ಲೇ ಗೊತ್ತಾಗಿದೆ. ಆಮೇಲೆ ಕಣದ ಸರದಿ: ಕಣ, ಲೋಹದ ಲವಣ, ಸಿಪ್ಪೆಯ ರಸ, ಬೋರ್ಡೋ, ಬರೀ ನೀರು, ಐದನ್ನೂ ಒಂದೇ ತೋಟದ ಬೇರೆ ಬೇರೆ ಸಾಲುಗಳಿಗೆ, ಕನಿಷ್ಠ ಎರಡು ಬಹಾರ್, ಅದರಲ್ಲೊಂದು ಮಳೆ ಬೀಳುವ ಮೃಗ ಬಹಾರ್. ಮಳೆ ಬಂದು ಹೋದ ಮರುದಿನ ಎಲೆಯ ಮೇಲೆ ಎಷ್ಟು ಲೋಹ ಉಳಿದಿದೆ, ಕೊಯ್ಲಿನ ದಿನ ಹಣ್ಣಿನಲ್ಲಿ ಎಷ್ಟಿದೆ ಎಂದು ಅಳೆಯಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಕಡೆಯ ಉಪಕರಣಗಳು ಬೇಕಾಗುತ್ತವೆ. ತಳಿ ಬೇರ್ಪಡಿಸಿ, ಕನಿಷ್ಠ ಪ್ರಮಾಣ ಕಂಡುಹಿಡಿಯುವ ಕೆಲಸಕ್ಕೆ ತಾಲೂಕಿನ ಕಾಲೇಜಿನ ಒಲೆ, ಇನ್‌ಕ್ಯುಬೇಟರ್, ಅಗರ್ ಸಾಕು.